ಬರೆಯದ ಕರಾರು, ಬರೆದ ಬಾಂಡು

ನವೆಂಬರ್ ಬಂತೆಂದರೆ ನಮ್ಮ ಪ್ರೆಸ್ಸಿನ ಯಂತ್ರ ರಾತ್ರಿ ಹನ್ನೊಂದಾದರೂ ನಿಲ್ಲುವುದಿಲ್ಲ. ಗದಗಿನ ಮುದ್ರಣಾಲಯಗಳಿಗೆ ಅದು ಕ್ಯಾಲೆಂಡರಿನ ಕಾಲ. ನಮ್ಮದು ಒಂದೇ ಆಫ್‌ಸೆಟ್ ಯಂತ್ರದ ಸಣ್ಣ ಪ್ರೆಸ್ಸು. ಅಪ್ಪನ ಗಿರಾಕಿಗಳಲ್ಲಿ ಹೆಚ್ಚಿನವರು ಇಪ್ಪತ್ತು, ಮೂವತ್ತು ವರ್ಷಗಳಿಂದ ಬರುತ್ತಿರುವವರು. "ಹೋದ ವರ್ಷದ ಹಾಗೆಯೇ ಮಾಡಿಬಿಡಿ" ಎಂದು ಅವರು ಫೋನಿನಲ್ಲಿ ಹೇಳಿದರೆ ಸಾಕು, ಅಪ್ಪ ಕಾಗದ ತರಿಸುತ್ತಾರೆ. ಉದ್ರಿ ಲೆಕ್ಕ ಕಿರ್ದಿಯಲ್ಲಿರುತ್ತದೆ, ಉಳಿದದ್ದೆಲ್ಲ ಅವರ ನೆನಪಿನಲ್ಲಿ.

ಎರಡು ವರ್ಷಗಳ ಹಿಂದೆ ಹಾವೇರಿ ಕಡೆಯ ಒಬ್ಬ ಹಳೆಯ ಅಂಗಡಿಕಾರರು ಹೀಗೆಯೇ ಎರಡು ಸಾವಿರ ಕ್ಯಾಲೆಂಡರ್ ಹೇಳಿದರು. ಬಿಲ್ಲು 46,000 ರೂಪಾಯಿ, ಮುಂಗಡ 10,000. ಡಿಸೆಂಬರ್ ಕೊನೆಯಲ್ಲಿ ಮಾಲು ಬಸ್ಸಿನ ಪಾರ್ಸಲ್ಲಿನಲ್ಲಿ ಹೋಯಿತು. ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಅವರು ತೀರಿಕೊಂಡರು. ಮಾರ್ಚಿನಲ್ಲಿ ನಾನು ಬಾಕಿ ಕೇಳಿದಾಗ ಹಿರಿಯ ಮಗ, "ಅಪ್ಪ ನಮಗೇನೂ ಹೇಳಿಲ್ಲ. ಕರಾರು ಪತ್ರ ಇದ್ದರೆ ತೋರಿಸಿ" ಎಂದರು.

ಪತ್ರ ಇರಲಿಲ್ಲ. ಹಣ ಹೋಯಿತೆಂದೇ ನಾನು ತಿಳಿದೆ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲರಾಗಿರುವ ಒಬ್ಬ ಅಕ್ಕ ಲೆಟರ್‌ಹೆಡ್ಡುಗಳನ್ನು ನಮ್ಮಲ್ಲೇ ಅಚ್ಚು ಹಾಕಿಸುತ್ತಾರೆ. ಅವರೆದುರು ಗೋಳು ಹೇಳಿಕೊಂಡೆ. ಅವರು ಕೇಳಿದ ಮೊದಲ ಪ್ರಶ್ನೆ ಪತ್ರದ ಬಗ್ಗೆ ಆಗಿರಲಿಲ್ಲ. "ಮಾಲು ಇಳಿಸಿಕೊಂಡರಲ್ಲವೇ? ಹಂಚಿದರಲ್ಲವೇ?" ಎಂದರು.

ಹಂಚಿದ್ದರು. ಆ ಊರಿನ ಹೋಟೆಲೊಂದರ ಗೋಡೆಯ ಮೇಲೆ ನಾವು ಅಚ್ಚು ಹಾಕಿದ ಕ್ಯಾಲೆಂಡರನ್ನು ನಾನೇ ನೋಡಿದ್ದೆ.

ಅವರು ಬಿಡಿಸಿ ಹೇಳಿದ್ದು ಇಷ್ಟು. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಕಲಮು ಮುಕ್ತ ಒಪ್ಪಿಗೆ, ಅರ್ಹ ವ್ಯಕ್ತಿಗಳು, ಕಾನೂನುಬದ್ಧ ಪ್ರತಿಫಲ (ಅಂದರೆ ಮಾತಿಗೆ ಬದಲಾಗಿ ಸಿಗುವುದು) ಮತ್ತು ಉದ್ದೇಶ ಇರಬೇಕೆಂದು ಕೇಳುತ್ತದೆ. ಬೇರೊಂದು ಕಾನೂನು ಕಡ್ಡಾಯ ಮಾಡದ ಹೊರತು ಬರವಣಿಗೆಯೇ ಬೇಕೆಂದು ಅದು ಹೇಳುವುದಿಲ್ಲ. ಫೋನಿನಲ್ಲಿ ಆಡಿದ ಮಾತೂ ಕರಾರೇ. ಮಾತು ಕೊಟ್ಟವರು ಅದನ್ನು ತೀರಿಸುವ ಮೊದಲೇ ಸತ್ತರೆ, 37ನೇ ಕಲಮಿನ ಪ್ರಕಾರ ಆ ಹೊಣೆ ಅವರ ವಾರಸುದಾರರ ಮೇಲೆ ಬರುತ್ತದೆ. ಅದೂ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ. ಪತ್ರದ ಕೆಲಸ ಸಾಕ್ಷಿ ಹೇಳುವುದು. ನಮಗೆ ಬೇರೆ ಸಾಕ್ಷಿಗಳಿದ್ದವು: ಕಿರ್ದಿಯಲ್ಲಿ ಮುಂಗಡ ಜಮೆಯಾದ ದಿನಾಂಕ, ಪಾರ್ಸಲ್ ರಸೀದಿ, ವಾಟ್ಸ್‌ಆ್ಯಪ್‌ನಲ್ಲಿ ನಾನು ಕಳಿಸಿದ ಪ್ರೂಫಿಗೆ, ಅಂದರೆ ಅಚ್ಚಿಗೆ ಮೊದಲಿನ ಮಾದರಿಗೆ, ಆ ಅಂಗಡಿಕಾರರು ಕೊಟ್ಟ ಉತ್ತರ. "ಅಂಗಡಿಯ ಹೆಸರು ಇನ್ನಷ್ಟು ದಪ್ಪ ಇರಲಿ, ಉಳಿದದ್ದು ಸರಿ ಇದೆ."

ನೋಟಿಸು ಕೊಡೋಣ ಎಂದೆ. ಅಪ್ಪ ಒಪ್ಪಲಿಲ್ಲ. "ಸಾವಾದ ಮನೆಗೆ ವಕೀಲರ ನೋಟಿಸು ಕಳಿಸುವುದೇ? ಅವರು ಬದುಕಿದ್ದರೆ ಶಿವರಾತ್ರಿಯೊಳಗೆ ಬಂದು ಕೊಟ್ಟು ಹೋಗುತ್ತಿದ್ದರು." ನಾವಿಬ್ಬರೂ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ಅಪ್ಪನ ಸಂಕಟ ನನಗೆ ಅರ್ಥವಾಗುತ್ತಿತ್ತು. ಆದರೆ ಕಾಗದದ ವ್ಯಾಪಾರಿಗೆ ನಾವು ಕೊಡಬೇಕಾದ ಬಾಕಿ ಯಾರ ಸೂತಕಕ್ಕೂ ಕಾಯುವುದಿಲ್ಲ. ಕೊನೆಗೆ ನಾನೇ ಕನ್ನಡದಲ್ಲಿ ಒಂದು ಪತ್ರ ಬರೆದೆ. ಮೊದಲು ನಾಲ್ಕು ಸಾಲು ಅವರ ತಂದೆಯ ಬಗ್ಗೆ, ನಂತರ ಲೆಕ್ಕ, ಜೊತೆಗೆ ಎಲ್ಲದರ ಜೆರಾಕ್ಸ್.

ಹದಿನೈದು ದಿನಕ್ಕೆ ಹಿರಿಯ ಮಗ ಪ್ರೆಸ್ಸಿಗೆ ಬಂದರು. ತಂದೆಯ ಫೋನನ್ನು ತೆರೆದು ನೋಡಿದ್ದರಂತೆ. 12,000 ಕೊಟ್ಟು ಉಳಿದದ್ದಕ್ಕೆ ದೀಪಾವಳಿಯವರೆಗೆ ಸಮಯ ಕೇಳಿದರು. "24,000 ಬಾಕಿ ಇದೆ" ಎಂದು ಕಿರ್ದಿಯಲ್ಲಿ ಬರೆದು, ದಿನಾಂಕ ಹಾಕಿ, ಅವರ ಸಹಿ ಪಡೆದೆ. ಇಂಥ ಬಾಕಿಗೆ ದಾವೆ ಹೂಡಲು ಮೂರು ವರ್ಷದ ಗಡುವಿರುತ್ತದೆ. ಆ ಗಡುವಿನೊಳಗೆ ಸಾಲಗಾರ ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ ಮೂರು ವರ್ಷದ ಎಣಿಕೆ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಉದ್ರಿ ವ್ಯಾಪಾರ ಮಾಡುವವರು ಇದೊಂದನ್ನಾದರೂ ತಿಳಿದಿರಬೇಕು. ಸಹಿ ಮಾಡುವಾಗ ಆ ಮಗನಿಗೆ ಮುಜುಗರವಾಗಲಿಲ್ಲ, ಮುಜುಗರವಾದದ್ದು ಅಪ್ಪನಿಗೆ. ಹಬ್ಬಕ್ಕೆ ಮೊದಲೇ ಹಣ ಪೂರ್ತಿ ಬಂತು.

ಇದೆಲ್ಲ ಮುಗಿದ ಮೇಲೆ ನನ್ನದೇ ಹಳೆಯ ಗಾಯವೊಂದು ನೆನಪಾಯಿತು. ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ಜಾಹೀರಾತು ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ಇಂಗ್ಲಿಷಿನಲ್ಲಿದ್ದ ಹನ್ನೊಂದು ಪುಟಗಳಿಗೆ ಸಹಿ ಮಾಡಿದ್ದೆ. ಓದಿರಲಿಲ್ಲ. ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಒಂದು ಲಕ್ಷ ಕಟ್ಟಬೇಕು. ಬಿಟ್ಟ ಮೇಲೂ ಒಂದು ವರ್ಷ ಇದೇ ವೃತ್ತಿ ಮಾಡಬಾರದು ಎಂದಿತ್ತು. ಅಪ್ಪನ ಕಾಯಿಲೆಯಿಂದಾಗಿ ಹದಿನಾಲ್ಕು ತಿಂಗಳಿಗೇ ಬಿಡಬೇಕಾಯಿತು. ಕಚೇರಿಯವರು ಹೆದರಿಸಿದರು, ನಾನು ಹೆದರಿದೆ. ಅವ್ವನ ಬಳೆ ಅಡವಿಟ್ಟು 40,000 ಕಟ್ಟಿದೆ. ಒಂದು ವರ್ಷ ನಮ್ಮ ಪ್ರೆಸ್ಸಿನ ಬಿಲ್ಲಿಗೆ ನಾನು ಸಹಿಯನ್ನೂ ಹಾಕಲಿಲ್ಲ.

ಆ ಹನ್ನೊಂದು ಪುಟಗಳನ್ನು ವಕೀಲ ಅಕ್ಕನಿಗೆ ತೋರಿಸಿದಾಗ ಅವರು ಸಿಟ್ಟಾದರು. ಕೆಲಸ ಬಿಟ್ಟ ಮೇಲೆ ಅದೇ ವೃತ್ತಿ ಮಾಡಬಾರದೆಂಬ ಷರತ್ತು ಅದೇ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಶೂನ್ಯ. ಯಾರು ಸಹಿ ಮಾಡಿದ್ದರೂ ಅದಕ್ಕೆ ಜೀವ ಬರುವುದಿಲ್ಲ. ಇಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಹಣ ಕಟ್ಟಬೇಕು ಎಂಬ ಬಾಂಡಿನ ಮಾತು ಬೇರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷದ ಸೇವೆ, ಇಲ್ಲವಾದರೆ ಎರಡು ಲಕ್ಷ ಎಂಬ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ವಲಯದ ಬ್ಯಾಂಕು ಮತ್ತೆ ನೇಮಕಾತಿ ನಡೆಸಬೇಕಾದ ವೆಚ್ಚವನ್ನು ಕೋರ್ಟು ಗಣನೆಗೆ ತೆಗೆದುಕೊಂಡಿತ್ತು. ಆದ್ದರಿಂದ ಬಾಂಡುಗಳೆಲ್ಲ ಸುಳ್ಳು ಎಂದು ಯಾರೂ ಧೈರ್ಯ ಹೇಳಬಾರದು. ಆದರೆ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಪರಿಹಾರದ ಮೇಲ್ಮಿತಿ. ಅದರೊಳಗೆ ನ್ಯಾಯಾಲಯ ಕೊಡಿಸುವುದು ಸಮಂಜಸವಾದಷ್ಟನ್ನು ಮಾತ್ರ. ನನಗೆ ಆ ಕಚೇರಿ ಕೊಟ್ಟ ತರಬೇತಿ ಎರಡು ದಿನದ್ದು. ಇಪ್ಪತ್ತೆರಡರ ಹುಡುಗಿಯೊಬ್ಬಳ ಭಯಕ್ಕೆ ಅವರು ಕಟ್ಟಿದ ಬೆಲೆ ಆ 40,000 ಎಂದು ಇವತ್ತಿಗೂ ಅನ್ನಿಸುತ್ತದೆ.

ಹೋದ ತಿಂಗಳು ಬೆಟಗೇರಿಯ ಹುಡುಗನೊಬ್ಬ ಯಂತ್ರ ನಡೆಸಲು ಬಂದ. "ಲಗ್ನದ ಸೀಜನ್ನಿನಲ್ಲಿ ಕೈ ಕೊಡುತ್ತಾರೆ, ಬಾಂಡ್ ಬರೆಸಿಕೊಳ್ಳಿ" ಎಂದು ಪಕ್ಕದ ಪ್ರೆಸ್ಸಿನ ಕಾಕಾ ಬುದ್ಧಿ ಹೇಳಿದರು. ನಾನು ಬರೆಸಿಕೊಳ್ಳಲಿಲ್ಲ. ಕನ್ನಡದಲ್ಲಿ ಒಂದೇ ಪುಟ ಮಾಡಿದೆ: ಸಂಬಳ, ಅದು ಕೈಗೆ ಬರುವ ತಾರೀಖು, ಹೆಚ್ಚುವರಿ ಗಂಟೆಗೆ ಎಷ್ಟು, ಬಿಡುವುದಾದರೆ ಎರಡೂ ಕಡೆಯಿಂದ ಒಂದು ತಿಂಗಳ ಮುನ್ಸೂಚನೆ. ಸಹಿಗೆ ಮೊದಲು ಗಟ್ಟಿಯಾಗಿ ಓದು ಎಂದೆ. ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕ, ತೋಂಟದಾರ್ಯ ಜಾತ್ರೆಗೆ ಎರಡು ದಿನ ರಜೆ ಇದರಲ್ಲಿ ಇಲ್ಲವಲ್ಲ" ಎಂದ.

ಅಂಚಿನಲ್ಲಿ ಪೆನ್ನಿನಿಂದ ಅದನ್ನು ಸೇರಿಸಿದೆ. ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದೆವು.