ಬೂಷ್ಟು, ಬಾಲ್ಸಮ್ ಮತ್ತು ಅಮೋನೈಟ್

ಕರಾವಳಿಯ ಮಳೆಗಾಲದಲ್ಲಿ ಹಳೇ ಮೈಕ್ರೋಸ್ಕೋಪ್ ಕಾಪಾಡುವುದು ಸುಲಭವಲ್ಲ. ಲೆನ್ಸ್ ಮೇಲೆ ಬೂಷ್ಟು ಜೇಡರ ಬಲೆ ಥರ ಹಬ್ಬುತ್ತದೆ, ಹಾಗೇ ಬಿಟ್ಟರೆ ಅದು ಬಿಡುವ ಆಮ್ಲ ಗಾಜನ್ನೇ ತಿನ್ನುತ್ತದೆ, ಆಮೇಲೆ ಎಷ್ಟು ಒರೆಸಿದರೂ ಆ ಗುರುತು ಹೋಗುವುದಿಲ್ಲ.

ಇವತ್ತು ಅದೇ ಕೆಲಸ. ಮೊದಲು ರಬ್ಬರ್ ಬ್ಲೋವರ್‌ನಿಂದ ಧೂಳು ಊದಬೇಕು, ಧೂಳಿರುವಾಗಲೇ ಒರೆಸಿದರೆ ಗೀರು ಖಂಡಿತ. ಆಮೇಲೆ ಲೆನ್ಸ್ ಪೇಪರ್‌ಗೆ ಒಂಚೂರು ಡಿಸ್ಟಿಲ್ಡ್ ವಾಟರ್, ಒತ್ತದೆ ಒರೆಸುವುದು, ಅಷ್ಟೇ. ದಯವಿಟ್ಟು ಹಳೇ ಆಬ್ಜೆಕ್ಟಿವ್ ಅನ್ನು (ನೋಡುವ ವಸ್ತುವಿನ ಕಡೆ ಇರುವ ಲೆನ್ಸ್ ಜೋಡಣೆ) ಆಲ್ಕೋಹಾಲ್‌ನಲ್ಲಿ ಮುಳುಗಿಸಬೇಡಿ. ಆಗೆಲ್ಲ ಮಸೂರಗಳನ್ನು ಒಂದಕ್ಕೊಂದು ಅಂಟಿಸುತ್ತಿದ್ದದ್ದು ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ. ಅದು ಮೆತ್ತಗಾದರೆ ಲೆನ್ಸ್ ಕೆಟ್ಟಂತೆಯೇ.

ಮೇಜಿನ ಮೇಲೆ ಅರಿಯಲೂರು ಕಡೆಯ ಒಂದು ಅಮೋನೈಟ್ ಕೂಡ ಇದೆ, ಅಂದರೆ ಸುರುಳಿ ಚಿಪ್ಪಿನ ಸಮುದ್ರಜೀವಿಯ ಪಳೆಯುಳಿಕೆ. ತಮಿಳುನಾಡಿನ ಆ ಪ್ರದೇಶ ಕ್ರಿಟೇಷಿಯಸ್ ಕಾಲದಲ್ಲಿ ಸಮುದ್ರದಡಿ ಇತ್ತು, ಅಂದರೆ ಈ ಜೀವಿ ಬದುಕಿದ್ದು 6.6 ಕೋಟಿ ವರ್ಷಗಳಿಗೂ ಹಿಂದೆ. ಇಂಥದ್ದನ್ನು ವಿನೆಗರ್‌ನಲ್ಲಿ ತೊಳೆಯಿರಿ ಅಂತ ಸುಮ್ನೆ ಸಲಹೆ ಕೊಡುವವರು ಜಾಸ್ತಿ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದರೆ ಮಣ್ಣಿನ ಜೊತೆ ಅದೂ ಕರಗುತ್ತದೆ, ಅಲ್ವಾ? ನನಗೆ ಮೆತ್ತನೆ ಬ್ರಷ್, ಮರದ ಕಡ್ಡಿ, ತಾಳ್ಮೆ ಸಾಕು.

ಯಾರೋ ಕೈಯಿಂದ ಉಜ್ಜಿ ಮಾಡಿದ ಗಾಜು, ಯಾರ ಕೈಯೂ ಮಾಡದ ಸುರುಳಿ, ಎರಡೂ ಈಗ ನನ್ನ ಸುಪರ್ದಿಯಲ್ಲಿವೆ ಅನ್ನುವುದೇ ನನಗೆ ದೊಡ್ಡ ಸಂತೋಷ. ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುವ ಪಳೆಯುಳಿಕೆಯಂತೂ ತೇವಕ್ಕೆ ಪುಡಿಯಾಗಿ ಉದುರುತ್ತದೆ. ಹಾಗಾಗಿ ಎಲ್ಲವನ್ನೂ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಗಳಲ್ಲಿ ಇಟ್ಟಿದ್ದೇನೆ, ಜೆಲ್ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಮತ್ತೆ ಹಾಕುತ್ತೇನೆ.