ಅಪ್ಪನ ಮಳೆಪುಸ್ತಕ, ಒಡೆದ ಒತ್ತಕ್ಷರ

ನಮ್ಮ ಮನೆ ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಅಂಗಳದ ತುದಿಯಲ್ಲಿ, ಯಾವ ಮರದ ಹನಿಯೂ ಬೀಳದ ಜಾಗದಲ್ಲಿ ಒಂದು ಮಳೆಮಾಪಕ ಇದೆ. ಬೆಳಿಗ್ಗೆ ಎಂಟೂವರೆಗೆ ಅಪ್ಪ ಕೊಡೆ ಹಿಡಿದು ಅಲ್ಲಿಗೆ ಹೋಗುತ್ತಾರೆ, ನೀರು ಅಳೆಯುತ್ತಾರೆ, ಒಳಗೆ ಬಂದು ಬರೆಯುತ್ತಾರೆ. 1991ರಿಂದ ಇದು ತಪ್ಪಿಲ್ಲ. ಅವರಿಗೆ ಜ್ವರ ಬಂದ ದಿನಗಳಲ್ಲಿ ಅಮ್ಮ ಅಳೆದಿದ್ದಾರೆ. ಆ ಅಂಕಿಗಳು ಮಾತ್ರ ದುಂಡಗಿವೆ.

ಕಾಫಿ ತೋಟದವರ ಲೆಕ್ಕ ಇಂಚು, ಸೆಂಟ್ಸಿನಲ್ಲಿ. ನೂರು ಸೆಂಟ್ಸಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಪುಸ್ತಕದಲ್ಲಿ 1-20 ಎಂದಿದ್ದರೆ ಒಂದಿಂಚು ಇಪ್ಪತ್ತು ಸೆಂಟ್ಸ್. ಆದರೆ ಅಪ್ಪನ ತಲೆಯಲ್ಲಿ ಮಳೆ ಕೂತಿರುವುದು ತಿಂಗಳಾಗಿ ಅಲ್ಲ, ನಕ್ಷತ್ರವಾಗಿ. ಜುಲೈಯಲ್ಲಿ ಎಷ್ಟು ಬಿತ್ತು ಎಂದು ಕೇಳಿದರೆ, "ಪುನರ್ವಸುಲೋ, ಪುಷ್ಯದಲ್ಲೋ?" ಎಂದು ತಿರುಗಿ ಕೇಳುತ್ತಾರೆ. ಏಪ್ರಿಲ್ ನಡುವಿನ ಅಶ್ವಿನಿಯಿಂದ ನವೆಂಬರಿನ ವಿಶಾಖದವರೆಗೆ ಹದಿನಾರು ಮಳೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ನಾನು ಹಾಸನದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಹೋದ ಬೇಸಿಗೆ ರಜೆಯಿಡೀ ಕೂತು ಆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದೆ. ಜುಲೈಯ ಒಂದು ಶನಿವಾರ ಊರಿಗೆ ಬಂದಾಗ, ವರ್ಷಕ್ಕೊಂದು ಹಾಳೆಯಂತೆ ಚಿತ್ರ ಬರೆದು ಅಪ್ಪನ ಕೈಗೆ ಕೊಡಬೇಕು, ಅದರಲ್ಲಿ ಅವರ ಮಳೆಗಳ ಹೆಸರೇ ಕನ್ನಡದಲ್ಲಿ ಇರಬೇಕು ಎಂದು ಕೂತೆ.

ಹಿಂದಿನ ರಾತ್ರಿಯಿಂದ ಕರೆಂಟಿರಲಿಲ್ಲ. ಯುಪಿಎಸ್ ಲ್ಯಾಪ್‌ಟಾಪಿಗೆ ಸಾಕಾಗುವಷ್ಟಿತ್ತು. ಸಿಗ್ನಲ್ ಸಿಗುವುದು ಜಗಲಿಯ ಮೂಲೆಯಲ್ಲಿ ಮಾತ್ರ, ಅದೂ ಫೋನನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟರೆ. ನನ್ನ ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಮ್ ಉಬುಂಟು. ಅದರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮೊದಲೇ ಇರುತ್ತದೆ. ಅದರಿಂದ ಚಿತ್ರ ಬರೆಸುವ ತಂತ್ರಾಂಶ ಮ್ಯಾಟ್‌ಪ್ಲಾಟ್‌ಲಿಬ್ ಹಾಕಿಕೊಳ್ಳಲು ಪಿಪ್ ಇನ್‌ಸ್ಟಾಲ್ ಎಂದು ಕೊಟ್ಟೆ. ಈ ಪೈಥಾನನ್ನು ನಿರ್ವಹಿಸುವುದು ಆಪರೇಟಿಂಗ್ ಸಿಸ್ಟಮ್, ಇಲ್ಲಿ ಕೈ ಹಾಕಬೇಡಿ ಎಂಬ ಎರರ್ ಬಂತು. ಆ ಮಾತು ನ್ಯಾಯವಾದದ್ದೇ. ಉಬುಂಟುವಿನ ಎಷ್ಟೋ ಕೆಲಸಗಳು ಅದೇ ಪೈಥಾನಿನ ಮೇಲೆ ನಿಂತಿವೆ. ಅದನ್ನೂ ಮೀರಿ ಹಾಕುವ ಒಂದು ದಾರಿಯನ್ನು ಆ ಸಂದೇಶವೇ ಹೇಳುತ್ತದೆ, ಆದರೆ ಆ ದಾರಿ ಹಿಡಿಯಬಾರದು. ಕಾಫಿ ಬೀಜ ಮೊಳೆತ ಮೇಲೆ ಒಂದೊಂದು ಸಸಿಗೂ ಬೇರೆ ಬೇರೆ ಚೀಲ ಕೊಡುತ್ತೇವಲ್ಲ, ಹಾಗೆ ಈ ಕೆಲಸಕ್ಕೇ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಪೈಥಾನ್3-ವಿಎನ್ವಿ ಪ್ಯಾಕೇಜನ್ನು ಉಬುಂಟುವಿಗೆ ತಂತ್ರಾಂಶ ತಂದುಕೊಡುವ ಆಪ್ಟ್ ಮೂಲಕ ತರಿಸಿದೆ. ಆಮೇಲೆ ಅಂಕಿಪಟ್ಟಿ ನಿಭಾಯಿಸುವ ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್ ಎರಡೂ ತಕರಾರಿಲ್ಲದೆ ಕೂತವು. ನೆಟ್ ನಡುವೆ ಎರಡು ಸಲ ಹೋಗಿ ಮೊದಲಿನಿಂದ ಇಳಿಸಬೇಕಾಯಿತು, ಅಷ್ಟೇ.

ಮೊದಲ ಚಿತ್ರ ಬಂದಾಗ ಕಂಬಗಳೇನೋ ಸರಿ ನಿಂತಿದ್ದವು. ಕೆಳಗೆ ಹೆಸರಿರಬೇಕಾದ ಕಡೆ ಬರೀ ಖಾಲಿ ಚೌಕಗಳ ಸಾಲು. ಟರ್ಮಿನಲ್ಲಿನಲ್ಲಿ 3205ನೇ ಗ್ಲಿಫ್, ಅಂದರೆ ಅಕ್ಷರದ ಆಕಾರ, ಈ ಫಾಂಟಿನಲ್ಲಿ ಇಲ್ಲ ಎಂಬ ಎಚ್ಚರಿಕೆ. 3205 ಎಂದರೆ, ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ನಮ್ಮ 'ಅ'. ಅಶ್ವಿನಿಯ ಮೊದಲ ಅಕ್ಷರ. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಬಳಸುವ ಡೆಜಾವು ಫಾಂಟಿನಲ್ಲಿ ಕನ್ನಡ ಇಲ್ಲ. ಗುಬ್ಬಿ ಎಂಬ ಕನ್ನಡ ಫಾಂಟ್ ಹಾಕಿ, ಅದರ ಹೆಸರು ಕೊಟ್ಟೆ. ಅಂಥ ಫಾಂಟೇ ಇಲ್ಲ ಎಂದಿತು. ಹಳೆಯ ಫಾಂಟ್ ಪಟ್ಟಿಯನ್ನು ಅದು ಕ್ಯಾಶ್ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಅಳಿಸಿ ಮತ್ತೆ ನಡೆಸಿದ ಮೇಲೆ ಚೌಕಗಳು ಹೋಗಿ ಅಕ್ಷರ ಬಂದವು.

ಬಂದ ಅಕ್ಷರ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಪುಷ್ಯ 'ಪುಷ್‌ಯ' ಆಗಿತ್ತು, ಆರಿದ್ರಾ 'ಆರಿದ್‌ರಾ', ಹಸ್ತ 'ಹಸ್‌ತ'. ಪುನರ್ವಸುವಿನ ಅರ್ಕಾವತ್ತು ಮಾಯ. ಭರಣಿಯಂಥ ಸರಳ ಹೆಸರಿನಲ್ಲೂ ಣ ತನ್ನ ತಲೆಕಟ್ಟು ಬಿಟ್ಟಿರಲಿಲ್ಲ, ಗುಡಿಸು ಪಕ್ಕಕ್ಕೆ ಜಾರಿ ನಿಂತಿತ್ತು. ಹದಿನಾರರಲ್ಲಿ ಗಾಯವಾಗದೆ ಉಳಿದದ್ದು 'ಮಘ' ಒಂದೇ. ಅದರಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ.

ಅಪ್ಪ ಕಾಫಿ ಲೋಟ ಹಿಡಿದು ಹಿಂದೆ ಬಂದು ನಿಂತಿದ್ದರು. "ಎಂತ ಮಗಾ ಇದು? ಆರಿದ್ರಾ ಹಿಂಗ್ಯಾಕೆ ಒಡ್ದು ಹೋಗಿದೆ?"

"ಅಕ್ಷರ ಕೂಡಿಸೋದು ಇದಕ್ಕೆ ಗೊತ್ತಿಲ್ಲ ಅಪ್ಪ."

"ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ ಅಂತಾರೆ. ಅದೊಂದನ್ನಾದ್ರೂ ಸರಿ ಬರೆಸು" ಎಂದು ಒಳಗೆ ಹೋದರು.

ತಿಂಗಳ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿದ್ದರೆ ಆಗಲೇ ಕೆಲಸ ಮುಗಿಯುತ್ತಿತ್ತು. ಆದರೆ ಅಪ್ಪ ಇಷ್ಟು ವರ್ಷ ಬರೆದದ್ದು ಯಾವ ಹೆಸರಿನಲ್ಲೋ ಆ ಹೆಸರು ನೆಟ್ಟಗೆ ಕಾಣದಿದ್ದರೆ ಅದು ಅವರ ಪುಸ್ತಕವೇ ಅಲ್ಲ. ಹಾಗಾಗಿ ಬಿಡಲು ಮನಸ್ಸಾಗಲಿಲ್ಲ.

ಕಾರಣ ಇಷ್ಟು. ಕ, ಹಲಂತ, ಕ ಎಂದು ಕಡತದಲ್ಲಿ ಬೇರೆ ಬೇರೆಯಾಗಿ ಇರುವುದನ್ನು 'ಕ್ಕ' ಎಂದು ಕೂಡಿಸುವುದು ಫಾಂಟ್ ಒಂದರಿಂದಲೇ ಆಗುವ ಕೆಲಸವಲ್ಲ. ಫಾಂಟಿನೊಳಗಿನ ನಿಯಮ ಓದಿ ಅಕ್ಷರ ಜೋಡಿಸುವ ಇನ್ನೊಂದು ತಂತ್ರಾಂಶ ಬೇಕು. ನಾನು ಹಾಕಿಕೊಂಡ ಮ್ಯಾಟ್‌ಪ್ಲಾಟ್‌ಲಿಬ್ ಒಂದಾದ ಮೇಲೊಂದು ಅಕ್ಷರ ಇಡುತ್ತ ಹೋಗುತ್ತಿತ್ತು. ಅದನ್ನು ಶುರು ಮಾಡಿದ ಜಾನ್ ಹಂಟರ್ ನರವಿಜ್ಞಾನಿ. ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ನೋಡಲು ಕಟ್ಟಿಕೊಂಡದ್ದು ಅದು, 2003ರಲ್ಲಿ ಹೊರಬಂತು. ಅವರು 2012ರಲ್ಲಿ ತೀರಿಕೊಂಡರು. ಅವರು ಅದನ್ನು ಎಲ್ಲರಿಗೂ ತೆರೆದಿಟ್ಟಿದ್ದರಿಂದಲೇ ಕೊರತೆ ಕಂಡವರು ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿ ಜೋಡಿಸಲು ಆಯಿತು. ಹಾಗೆ ಕಟ್ಟಿದ್ದು ಎಂಪಿಎಲ್‌ಕೈರೋ. ಚಿತ್ರ ಬರೆಯುವ ಕೆಲಸವನ್ನು ಅದು ತಾನು ತೆಗೆದುಕೊಳ್ಳುತ್ತದೆ, ಅಕ್ಷರ ಜೋಡಿಸಲು ರಖಮ್ ಎಂಬ ಲೈಬ್ರರಿಯನ್ನು ಕರೆಯುತ್ತದೆ. ರಖಮ್ ಹಾರ್ಫ್‌ಬಝ್ ಎಂಬುದನ್ನು ಕರೆಯುತ್ತದೆ. ಫೈರ್‌ಫಾಕ್ಸಿನಲ್ಲೂ ಆಂಡ್ರಾಯ್ಡ್ ಫೋನುಗಳಲ್ಲೂ ಕನ್ನಡ ಕೂಡಿಸುವುದು ಇದೇ ಹಾರ್ಫ್‌ಬಝ್. ಆ ಹೆಸರು ಪರ್ಷಿಯನ್ ಮಾತು: ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಅಕ್ಷರಕ್ಕೆ ಅಕ್ಷರ ಕೈ ಹಿಡಿದುಕೊಂಡೇ ಸಾಗುವ ಲಿಪಿಯವರ ಹೆಸರು ನಮ್ಮ ಒತ್ತಕ್ಷರವನ್ನೂ ಕಾಯುತ್ತಿದೆ ಎಂಬುದು ನನಗೆ ತುಂಬ ಹಿಡಿಸಿತು.

ಎಂಪಿಎಲ್‌ಕೈರೋ ಹಾಕಿ, ಬ್ಯಾಕೆಂಡ್, ಅಂದರೆ ಹಿಂದೆ ನಿಂತು ಚಿತ್ರ ಬರೆಯುವ ಭಾಗ, ಬದಲಿಸಿದೆ. ಆರಿದ್ರಾ ಒಡೆದೇ ಇತ್ತು. ಅದು ಕರೆಯಬೇಕಾದ ರಖಮ್ ನನ್ನ ಯಂತ್ರದಲ್ಲಿ ಇರಲಿಲ್ಲ. ಪಿಪ್ ತರುವುದು ಪೈಥಾನಿನ ಸಾಮಾನು. ಇದು ಸಿಸ್ಟಮ್ಮಿನದು, ಆಪ್ಟ್‌ನಿಂದಲೇ ಬರಬೇಕು. ಅದನ್ನೂ ಹಾಕಿ ಮತ್ತೆ ನಡೆಸಿದಾಗ ಗಂಟೆ ನಾಲ್ಕೂವರೆ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರ, ಆರಿದ್ರಾ. ಒಂದೊಂದನ್ನೂ ಗಟ್ಟಿಯಾಗಿ ಓದಿದೆ. ಅಡಿಗೆಮನೆಯಿಂದ ಅಮ್ಮ ಬಂದು ಅವರೂ ಓದಿದರು.

ಅಪ್ಪ ಕನ್ನಡಕ ಹಾಕಿಕೊಂಡು ಕೂತರು. 2019ರ ಹಾಳೆಯಲ್ಲಿ ಆಶ್ಲೇಷದ ಕಂಬ ಮೇಲಿನ ಗೆರೆ ಮುಟ್ಟಿತ್ತು. ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದ ಆಗಸ್ಟ್ ಅದು. ಅದರ ಮೇಲೆ ಬೆರಳಿಟ್ಟು ಸುಮ್ಮನಿದ್ದರು. ಆಮೇಲೆ ಹಿಂದಿನ ವರ್ಷಗಳಿಗೆ ಹೋಗುತ್ತ 1997ರಲ್ಲಿ ನಿಂತರು.

"ಸ್ವಾತಿ ಇಷ್ಟು ಬಂದಿಲ್ಲ."

"ಪುಸ್ತಕದಲ್ಲಿ ಇರೋದೇ ಹಾಕಿದೀನಿ ಅಪ್ಪ."

"ಆ ಸ್ವಾತಿಲಿ ಕಣಕ್ಕೆ ಸಿಮೆಂಟ್ ಹಾಕ್ಸಿದ್ವಿ ಮಗಾ. ಎರಡಿಂಚಿನ ಮೇಲೆ ಬಂದಿದ್ರೆ ಕಣ ಉಳೀತಿತ್ತಾ?"

ಪುಸ್ತಕ ತೆಗೆದೆವು. ಆ ಹದಿನಾಲ್ಕು ದಿನದಲ್ಲಿ ಮಳೆ ಬಂದದ್ದು ಎರಡೇ ದಿನ: ಮೊದಲು 1-5, ಕೆಲಸ ಶುರುವಾದ ಮೇಲೆ 0-8. ನಾನು 1.5, 0.8 ಎಂದು ಹಾಕಿ ಕೂಡಿಸಿದ್ದೆ, 2.3. ಒಂದಿಂಚು ಐದು ಸೆಂಟ್ಸ್ ಎಂದರೆ 1.05, ಎಂಟು ಸೆಂಟ್ಸ್ ಎಂದರೆ 0.08. ಎರಡೂ ಸೇರಿ 1.13. ಸೆಂಟ್ಸ್ ಒಂದೇ ಅಂಕಿಯಾಗಿರುವ ಪ್ರತಿ ದಿನವೂ, ಎಲ್ಲ ವರ್ಷಗಳಲ್ಲೂ, ಇದೇ ತಪ್ಪು.

ಕರೆಂಟ್ ಬಂದದ್ದು ರಾತ್ರಿ ಎಂಟಕ್ಕೆ. ಅಪ್ಪ 1991ರ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಒಂದಂಕಿಯ ದಿನಗಳನ್ನು ಓದುತ್ತ ಹೋದರು, ನಾನು ತಿದ್ದುತ್ತ ಹೋದೆ.