ಅಪ್ಪನ ನಂಬರು, ನನ್ನ ನಂಬರು

ತುಮಕೂರು, ಭಾನುವಾರ, 9 ನವೆಂಬರ್ 2025

ದೀಪಾವಳಿ ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಮನೆಗೆ ಬಂದದ್ದು ನಿನ್ನೆ ರಾತ್ರಿಯೇ. ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಕಾದಿದ್ದದ್ದು ಇಡ್ಲಿಗಲ್ಲ. "ಹದಿನೈದು ದಿನವಾಯಿತು, ಒಂದು ಧಾರಾವಾಹಿಯನ್ನೂ ನೆಟ್ಟಗೆ ನೋಡಿಲ್ಲ. ನೀನು ದುಡ್ಡು ಕಟ್ಟಿದ್ದೀಯೋ ಇಲ್ಲವೋ?"

ಕಟ್ಟಿದ್ದೇನೆ. ಧಾರಾವಾಹಿ ಬರುವ ಆ್ಯಪಿಗೆ ಜುಲೈನಲ್ಲೇ ಒಂದು ವರ್ಷದ ಚಂದಾ ಕಟ್ಟಿದ್ದೇನೆ. ಬ್ಯಾಂಕಿನ ಸಂದೇಶವನ್ನು ಹುಡುಕಿ ತೋರಿಸಿದೆ. ಟಿವಿಗೆ ಆ ಸಾಕ್ಷ್ಯ ಬೇಕಾಗಿರಲಿಲ್ಲ. ಯಾವ ಕಂತನ್ನು ಒತ್ತಿದರೂ ಬೀಗದ ಗುರುತು, ಕೆಳಗೆ ಚಂದಾದಾರರಾಗಿ ಎಂಬ ಆಹ್ವಾನ. ಅದೇ ಧಾರಾವಾಹಿ ಅಪ್ಪನ ಮೊಬೈಲಿನಲ್ಲಿ ಸರಾಗವಾಗಿ ಓಡುತ್ತಿತ್ತು. ನನ್ನ ಅರ್ಧ ದಿನವನ್ನು ತಿಂದದ್ದು ಈ ಒಂದು ಸಂಗತಿಯೇ. ಮೊಬೈಲಿನಲ್ಲಿ ಬರುತ್ತಿದೆ ಎಂದರೆ ಚಂದಾ ಸರಿಯಾಗಿದೆ, ತಪ್ಪು ಟಿವಿಯದ್ದೇ ಎಂದು ತೀರ್ಮಾನಿಸಿ ಕುಳಿತೆ.

ಅಪ್ಪ ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ 2016ರಲ್ಲಿ ಮುಚ್ಚಿತು, ಜಾಗ ಇಸ್ರೋ ಪಾಲಾಯಿತು, ಅಪ್ಪ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಮಸೂರ ಮಾತ್ರ ಬೀರುವಿನಲ್ಲಿ ಉಳಿದಿದೆ. ನಿಂತ ಗಡಿಯಾರವನ್ನು ಬಿಚ್ಚುವ ಮೊದಲು ಕೀ ಕೊಟ್ಟಿದ್ದಾರೆಯೇ ನೋಡು ಎನ್ನುವುದು ಅವರು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟ ಪಾಠ. ಹಾಗೆ ನಾನೂ ಮೊದಲು ಕೀ ಕೊಟ್ಟೆ. ನಮ್ಮದು ಫೈರ್ ಟಿವಿ ಸ್ಟಿಕ್, ಟಿವಿಯ ಹಿಂದೆ ಸಿಕ್ಕಿಸಿ ಇಂಥ ಆ್ಯಪ್‌ಗಳನ್ನು ನೋಡುವ ಪುಟ್ಟ ಸಾಧನ. ರಿಮೋಟಿನ ನಡುವಿನ ಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಒಟ್ಟಿಗೆ ಐದು ಸೆಕೆಂಡು ಒತ್ತಿ ಹಿಡಿದರೆ ಅದು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡಿತು, ಬೀಗವೂ ಜೊತೆಗೇ ಬಂತು.

ಇಂಟರ್‌ನೆಟ್ಟನ್ನು ಅನುಮಾನಿಸುವುದರಲ್ಲಿ ಅರ್ಥವಿರಲಿಲ್ಲ. ಸಂಪರ್ಕ ಹೋಗಿದ್ದರೆ ಚಿತ್ರ ತಡವರಿಸುತ್ತದೆ, ಗುಂಡಗೆ ಸುತ್ತುತ್ತದೆ, ಚಂದಾ ಕೇಳುವುದಿಲ್ಲ. ಹಾಗೆ ಕೇಳುತ್ತಿದೆ ಎಂದರೆ ಆ್ಯಪ್ ಅದರ ಕಂಪನಿಯನ್ನು ವಿಚಾರಿಸಿಕೊಂಡು, ಉತ್ತರ ಪಡೆದೇ ಬಂದಿದೆ. ಆದರೂ ಪಕ್ಕದ ಮನೆಯವರ ಮಾತು ಕೇಳಿ ರೌಟರನ್ನು ಎರಡು ಸಲ ಆರಿಸಿ ಹಾಕಿದೆ. ನೆರೆಹೊರೆಯ ಮರ್ಯಾದೆ.

ಆಮೇಲೆ ಸೆಟ್ಟಿಂಗ್ಸ್ ಹೊಕ್ಕು ಆ್ಯಪಿನ ಕ್ಯಾಶ್, ಅಂದರೆ ಅದು ತಾತ್ಕಾಲಿಕವಾಗಿ ಕೂಡಿಟ್ಟುಕೊಂಡ ಮಾಹಿತಿ, ಅಳಿಸಿದೆ. ಅದರ ಪಕ್ಕದಲ್ಲೇ ಡೇಟಾ ಅಳಿಸುವ ಆಯ್ಕೆಯೂ ಇರುತ್ತದೆ. ಕ್ಯಾಶ್ ಅಳಿಸುವುದೆಂದರೆ ಮೇಜಿನ ಧೂಳು ಒರೆಸಿದಂತೆ. ಡೇಟಾ ಅಳಿಸುವುದೆಂದರೆ ಮೇಜನ್ನೇ ಹೊರಗೆ ಹಾಕಿದಂತೆ, ಲಾಗಿನ್ ಕೂಡ ಹೋಗುತ್ತದೆ. ಅಲ್ಲಿಗೆ ಕೈ ಹೋಗುವ ಮೊದಲು ಯಾಕೋ ಆ್ಯಪಿನೊಳಗೆ ‘ನನ್ನ ಖಾತೆ’ಯನ್ನು ತೆರೆದು ನೋಡಿದೆ. ನೋಡಿದ್ದು ಒಳ್ಳೆಯದಾಯಿತು. ಅಲ್ಲಿದ್ದ ಮೊಬೈಲ್ ನಂಬರಿನ ಕೊನೆಯ ಎರಡು ಅಂಕಿ ನನ್ನವಲ್ಲ.

ಅಪ್ಪ ಅಷ್ಟು ಹೊತ್ತಿನಿಂದ ಪತ್ರಿಕೆಯ ಒಂದೇ ಪುಟವನ್ನು ಓದುತ್ತಿದ್ದರು.

"ಅಪ್ಪ, ಇದು ನಿಮ್ಮ ನಂಬರಲ್ಲವೇ?"

ಸಂಗತಿ ತುಂಡುತುಂಡಾಗಿ ಹೊರಬಂತು. ಹಬ್ಬಕ್ಕೆ ತಿಪಟೂರಿನಿಂದ ಬಂದಿದ್ದ ಅಕ್ಕನ ಮಗ ನನ್ನ ಖಾತೆಯಿಂದ ಲಾಗ್‌ಔಟ್ ಮಾಡಿ, ತನ್ನದನ್ನು ಹಾಕಿ ಏನನ್ನೋ ನೋಡಿದ್ದಾನೆ. ಹೋಗುವಾಗ ತನ್ನದನ್ನು ಮಾತ್ರ ಜೋಪಾನವಾಗಿ ತೆಗೆದಿದ್ದಾನೆ. ಮರುದಿನ ಟಿವಿ ನಂಬರು ಕೇಳಿದೆ. ಅಪ್ಪ ತಮ್ಮದನ್ನು ಕೊಟ್ಟಿದ್ದಾರೆ, ಒಟಿಪಿ ಬಂದಿದೆ, ಹಾಕಿದ್ದಾರೆ, ಒಳಗೆ ಬಿಟ್ಟಿದೆ. ಯಾರ ಸಹಾಯವೂ ಇಲ್ಲದೆ ಮಾಡಿದೆ ಎಂದು ಅಮ್ಮನಿಗೆ ಹೇಳಿಯೂ ಇದ್ದರಂತೆ. ಈ ಆ್ಯಪ್ ಹೊಸ ನಂಬರು ಕಂಡರೆ ಸದ್ದಿಲ್ಲದೆ ಹೊಸ ಖಾತೆ ತೆರೆದುಬಿಡುತ್ತದೆ. ಈ ನಂಬರಿನಲ್ಲಿ ಚಂದಾ ಇಲ್ಲ, ಬೇರೆ ನಂಬರು ಇದೆಯೇ ಎಂದು ಒಂದು ಮಾತು ಕೇಳುವುದಿಲ್ಲ. ನಾನು ಹಣ ಕಟ್ಟಿದ್ದು ನನ್ನ ನಂಬರಿಗೆ, ನಡುಮನೆಯ ಟಿವಿಗಲ್ಲ. ಅದನ್ನು ಅಪ್ಪನಿಗೆ ಹೇಳುವಾಗ ಬೀಗಕ್ಕಿಂತ ಅವರ ಮುಖವೇ ನನಗೆ ಹೆಚ್ಚು ಕಷ್ಟ ಕೊಟ್ಟಿತು.

ಸರಿ, ಹಾಗಾದರೆ ಅವರ ಮೊಬೈಲಿನಲ್ಲಿ ಹೇಗೆ ಬರುತ್ತಿದೆ? ಇನ್ನೊಂದು ಪದರ ಬಿಚ್ಚಬೇಕಾಯಿತು. ನನಗೆ ತಿಳಿಯದಂತೆ ಸರಿಪಡಿಸಿಬಿಡೋಣವೆಂದು ಅಪ್ಪ ಯುಪಿಐನಲ್ಲಿ ತಾವೇ ಹಣ ಕಟ್ಟಿದ್ದರು. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಆರಿಸಿದ್ದರು. ಅದು ಮೊಬೈಲಿಗೆ ಮಾತ್ರ ಸಲ್ಲುವ ಪ್ಲಾನ್. ಟಿವಿಯಲ್ಲಿ ಬೀಗ, ಫೋನಿನಲ್ಲಿ ಧಾರಾವಾಹಿ. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇದ್ದವು.

ಟಿವಿಯಿಂದ ಅಪ್ಪನ ಖಾತೆಯನ್ನು ತೆಗೆದು, ಪರದೆಯ ಮೇಲೆ ಬಂದ ಕೋಡನ್ನು ನನ್ನ ಫೋನಿನಲ್ಲಿ ಹಾಕಿದೆ. ಎರಡು ನಿಮಿಷದ ಕೆಲಸ. ಹೆಚ್ಚು ಹೊತ್ತು ಹಿಡಿದದ್ದು ಆಟೊಪೇ, ಅಂದರೆ ಪ್ರತಿ ಅವಧಿಗೂ ಹಣ ತಾನಾಗಿಯೇ ಕಡಿತವಾಗುವ ಏರ್ಪಾಡು. ಹಣ ಕಟ್ಟುವಾಗ ಅದಕ್ಕೂ ಒಪ್ಪಿಗೆ ಕೊಟ್ಟಿದ್ದರು. ಯುಪಿಐಯಲ್ಲಿ 2020ರ ಜುಲೈನಿಂದ ಬಂದಿರುವ ಈ ಸೌಲಭ್ಯದಲ್ಲಿ ಒಮ್ಮೆ ಪಿನ್ ಒತ್ತಿದರೆ, 15,000 ರೂಪಾಯಿಯೊಳಗಿನ ಇಂಥ ಕಂತುಗಳಿಗೆ ಮತ್ತೆ ಪಿನ್ ಕೇಳುವುದಿಲ್ಲ. ಕಡಿತಕ್ಕೆ ಮುಂಚೆ ಸಂದೇಶ ಬರುತ್ತದೆ, ನಿಜ. ಅಪ್ಪನ ಫೋನಿನಲ್ಲಿ ಅದು ಸಾಲ ಕೊಡುತ್ತೇವೆ ಎನ್ನುವವರ ನಡುವೆ ಮುಳುಗಿಹೋಗುತ್ತದೆ. "ಆ್ಯಪ್ ಅಳಿಸಿದರೆ ಆಯಿತಲ್ಲ" ಎಂದರು. ಅಳಿಸಿದರೆ ಆ್ಯಪ್ ಹೋಗುತ್ತದೆ, ಒಪ್ಪಿಗೆ ಹೋಗುವುದಿಲ್ಲ. ಹಣ ಪಾವತಿಸುವ ಆ್ಯಪಿನಲ್ಲೇ ಆಟೊಪೇ ಪಟ್ಟಿ ತೆರೆದು ರದ್ದು ಮಾಡಿಸಿದೆ. ಗುಂಡಿಯನ್ನು ಅವರೇ ಒತ್ತಿದರು, ನಾನು ಫೋನು ಮುಟ್ಟಲಿಲ್ಲ.

ಟಿವಿಯ ಕೆಳಗೆ ನನ್ನ ನಂಬರು ಬರೆದ ಚೀಟಿಯನ್ನು ಅಮ್ಮ ಅಂಟಿಸಿದ್ದಾಳೆ.

ಈಗ ರಾತ್ರಿ ಒಂಬತ್ತೂವರೆ. ಅಮ್ಮ ನಡುಮನೆಯಲ್ಲಿ ಹದಿನೈದು ದಿನದ ಬಾಕಿ ಕಂತುಗಳನ್ನು ದೊಡ್ಡ ಪರದೆಯಲ್ಲಿ ತೀರಿಸುತ್ತಿದ್ದಾಳೆ. ಅಪ್ಪ ಜಗಲಿಯಲ್ಲಿ ಕುಳಿತು ಅದೇ ಧಾರಾವಾಹಿಯನ್ನು ಮೊಬೈಲಿನಲ್ಲಿ ನೋಡುತ್ತಿದ್ದಾರೆ. ಕರೆದೆ, ಬರಲಿಲ್ಲ. ಅವರು ಕಟ್ಟಿದ ಅವಧಿ ಮುಗಿಯಲು ಇನ್ನೂ ದಿನಗಳಿವೆಯಂತೆ.